ಕೆಮ್ಮಣ್ಣಿನ ಕೆಳಗಿನ ಕಣ್ಣು

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ವೈದ್ಯರಿಗೆ ಬರವಿಲ್ಲ. ಗೇಟಿನ ಬಳಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಸಂಜೆಯೊಳಗೆ ಅಕ್ಕಪಕ್ಕದಿಂದ ಕಷಾಯ ಬರುತ್ತದೆ. ಅದರ ಹಿಂದೆಯೇ ಅಂಥದೇ ಕೆಮ್ಮಿನಿಂದ ತೀರಿಕೊಂಡ ಯಾರದೋ ಕಥೆಯೂ ಬರುತ್ತದೆ. ಓದಿ ಪಾಸಾದ ವೈದ್ಯೆಯೊಬ್ಬರು ಹೆಬ್ಬಾಳದಲ್ಲಿದ್ದಾರೆ. ಅವರ ಸರದಿ ಕೊನೆಯದು. ಮೊದಲು ಬೀದಿ, ಆಮೇಲೆ ಮೆಡಿಕಲ್ ಶಾಪಿನ ಕೌಂಟರು, ಆಮೇಲೆ ದೇವರು. ಅಷ್ಟಾದ ಮೇಲೂ ರೋಗಿ ಉಳಿದಿದ್ದರೆ ಡಾಕ್ಟರು.

ನಾನು ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು, ಗಂಟೆ ಬಾರಿಸಿದರೆ ದೀಪ ಆರಿಸುವುದು. ಈಗ ಗಂಟೆಯಿಲ್ಲ, ಅಭ್ಯಾಸ ಮಾತ್ರ ಉಳಿದಿದೆ. ನನ್ನ ಅಡುಗೆಮನೆಯಲ್ಲಿ ಚಮಚಗಳು ಇಂದಿಗೂ ಒಂದೇ ಕಡೆಗೆ ತಲೆ ಹಾಕಿ ಮಲಗುತ್ತವೆ. ಮೇಲಿನ ಮಹಡಿಯಲ್ಲಿ ನನ್ನ ಓರಗಿತ್ತಿ ಇದ್ದಾರೆ, ಭಾವನವರ ಹೆಂಡತಿ. ಅಣ್ಣ ತಮ್ಮ ಸೇರಿ ಕಟ್ಟಿದ ಮನೆ ಇದು; ಕಟ್ಟಿದವರು ಹೋದರು, ನಾವು ಉಳಿದೆವು. ಓರಗಿತ್ತಿಯ ಮನೆಯಲ್ಲೂ ಗಡಿಯಾರ ಇದೆ, ಅಲಂಕಾರಕ್ಕೆ. ಹಸಿದಾಗ ಊಟ, ಬೇಸರವಾದಾಗ ಸ್ನಾನ. ದಿನಕ್ಕೊಮ್ಮೆ ಅವರನ್ನು ತಿದ್ದದಿದ್ದರೆ ನನಗೆ, ನನ್ನನ್ನು ಹಂಗಿಸದಿದ್ದರೆ ಅವರಿಗೆ, ತಿಂದದ್ದು ಕರಗುವುದಿಲ್ಲ.

ಅವರಿಗೆ ಟಿ.ವಿ. ಬೇಕಿಲ್ಲ, ಪೇಪರು ಬೇಕಿಲ್ಲ. ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತರೆ ಬೀದಿಯೆಲ್ಲ ಅವರದು. ಯಾರ ಮನೆಗೆ ಯಾರು ಬಂದರು, ಕೈಯಲ್ಲಿ ಏನಿತ್ತು, ಹೋಗುವಾಗ ಅದು ಇತ್ತೋ ಇಲ್ಲವೋ, ಎಲ್ಲ ವರದಿ ನನಗೆ ಸಂಜೆಯ ಕಾಫಿಯ ಜೊತೆ ಸಿಗುತ್ತದೆ. ಇಷ್ಟೂ ನಡೆಯುವುದು ಒಂದೇ ಕಣ್ಣಿನಲ್ಲಿ. ಬಲಗಣ್ಣಿನ ನರ ಕಣ್ಣಿನೊಳಗಿನ ಒತ್ತಡದಿಂದ ಎಂದೋ ಒಣಗಿಹೋಗಿದೆ. ಬೆಳಕು ಕತ್ತಲೆ ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು. ಅವರ ಲೋಕವೆಲ್ಲ ನಿಂತಿರುವುದು ಎಡಗಣ್ಣಿನ ಮೇಲೆ.

ಆ ಎಡಗಣ್ಣಿನ ಮೇಲ್ಗಡೆಯೇ, ಹಣೆಯಲ್ಲಿ, ಒಂದು ದಿನ ಉರಿ ಶುರುವಾಯಿತು. ಹೊಸ ಎಣ್ಣೆಯ ದೋಷ ಎಂದರು. ಮಾರನೆಯ ದಿನ ಮೆಣಸಿನ ಕಾಳಿನಷ್ಟು ದಪ್ಪದ ನೀರುಗುಳ್ಳೆಗಳು ಹುಬ್ಬಿನಿಂದ ಕೂದಲಿನವರೆಗೆ ಸಾಲುಗಟ್ಟಿ ನಿಂತವು. ಡಾಕ್ಟರ ಹತ್ತಿರ ಹೋಗೋಣ, ಪಿಂಚಣಿಯ ಕೆಲಸ ಮುಗಿಸಿ ಮಧ್ಯಾಹ್ನದೊಳಗೆ ಬರುತ್ತೇನೆ ಎಂದು ಹೇಳಿ ನಾನು ಬ್ಯಾಂಕಿಗೆ ಹೋದೆ. ನಾನಿನ್ನೂ ಬದುಕಿದ್ದೇನೆಂದು ಸರ್ಕಾರಕ್ಕೆ ವರ್ಷಕ್ಕೊಮ್ಮೆ ತೋರಿಸಬೇಕಲ್ಲ. ಬೆರಳಚ್ಚು ಹಿಡಿಯುವ ಯಂತ್ರ ನನ್ನ ಬೆರಳನ್ನು ಒಪ್ಪದೆ ಸತಾಯಿಸಿ, ಕೊನೆಗೂ ನಾನು ಜೀವಂತ ಎಂದು ಒಪ್ಪಿಕೊಂಡಾಗ ಸಂಜೆಯಾಗಿತ್ತು.

ಅಷ್ಟರಲ್ಲಿ ಎದುರು ಮನೆಯಾಕೆ ಕೆಲಸ ಮುಗಿಸಿದ್ದರು. ಆಕೆ ಧಾರವಾಡದ ಕಡೆಯವರು, ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಕೈ ದೊಡ್ಡದು, ಮನಸ್ಸು ಒಳ್ಳೆಯದು. ಕಷ್ಟವೇನೆಂದರೆ ಆಕೆಗೆ ತಿಳಿಯದ ವಿಷಯವಿಲ್ಲ. ಗುಳ್ಳೆ ನೋಡಿದ ಕೂಡಲೇ ತೀರ್ಪು ಕೊಟ್ಟಿದ್ದರಂತೆ: "ಸರ್ಪಸುತ್ತು ಐತ್ರಿ ಇದು. ತಲಿ ಬಾಲ ಕೂಡಿದ್ವು ಅಂದ್ರ ಮುಗೀತ್ರಿ."

ತಲೆ ಬಾಲ ಕೂಡುವ ಮೊದಲು ಆಟೋ ಕೂಡಿಬಂತು. ಇಬ್ಬರೂ ತುಮಕೂರು ರಸ್ತೆ ಹಿಡಿದು ಮಾಕಳಿಗೆ ಹೋಗಿ ಬಂದಿದ್ದರು. ಅಲ್ಲೊಬ್ಬ ಮುದುಕ ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಯುತ್ತಾನೆ. ನಾನು ಮೆಟ್ಟಿಲು ಹತ್ತಿ ಬಾಗಿಲು ತೆರೆದಾಗ ಕಂಡದ್ದು ನನ್ನ ಓರಗಿತ್ತಿಯ ಮುಖವಲ್ಲ, ಹೊಸದಾಗಿ ಸಾರಿಸಿದ ಒಲೆ. ಹಣೆ, ಎಡ ರೆಪ್ಪೆ, ಮೂಗಿನ ತುದಿ, ಎಲ್ಲ ಕೆಂಪು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿನ ನಡುವಿನಿಂದ ಒಂದು ಕಣ್ಣು ನನ್ನನ್ನು ನೋಡಿ, ಕಾಫಿ ತಡವಾಯಿತೆಂದು ದೂರಿತು.

ಹಾವು ಹೊಟ್ಟೆಗೆ ಸುತ್ತಿದರೆ ಅರ್ಥವಾಗುತ್ತದೆ, ಹಣೆಗೆ ಎಲ್ಲಿಂದ ಎಲ್ಲಿಗೆ ಸುತ್ತುತ್ತದೆ ಎಂದು ಕೇಳಿದೆ. ಕಿವಿಯ ಹಿಂದಿನಿಂದ ಬಂದು ಗಂಟಲಿನ ಹತ್ತಿರ ಸೇರುತ್ತದೆ ಎಂದು ಎದುರು ಮನೆಯಾಕೆ ಬಸ್ಸಿನ ಮಾರ್ಗ ಹೇಳುವಷ್ಟು ಸಲೀಸಾಗಿ ಹೇಳಿದರು. ಮೂರು ದಿನ ಮಣ್ಣು ತೊಳೆಯಬಾರದು, ಉಪ್ಪು ಕಡಿಮೆ ತಿನ್ನಬೇಕು ಎಂಬ ಕಟ್ಟಳೆಯೂ ಇತ್ತು. ಇನ್ನೂ ಒಂದು ಕಟ್ಟಳೆ ಇತ್ತು. ಅದನ್ನು ಅವರಿಬ್ಬರೂ ನನಗೆ ಹೇಳಲಿಲ್ಲ. ಹೇಳಿದರೆ ನಾನು ರೇಗುತ್ತೇನೆಂದು ಅವರಿಗೆ ಗೊತ್ತಿತ್ತು.

ಅದೇ ಸಂಜೆ ಓರಗಿತ್ತಿಯನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋದೆ. ಮುಖ ಮುಚ್ಚಲು ಸೆರಗು ಎಳೆದುಕೊಂಡಿದ್ದರು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ಎರಡು ಸಲ ಬ್ರೇಕು ಒತ್ತಿದ. ವೈದ್ಯೆ ಎಳೆಯ ವಯಸ್ಸಿನವರು, ಮಾತು ಮೆದು. ಟಾರ್ಚು ಹಿಡಿದು ನೋಡಿದರು, ಆರಿಸಿದರು.

"ಅಮ್ಮಾ, ಇದನ್ನ ತೊಳೀಬೇಕು. ಒಳಗೆ ಏನಿದೆ ಅಂತ ಕಾಣ್ತಾನೇ ಇಲ್ಲ."

ಓರಗಿತ್ತಿ ಒಪ್ಪಲಿಲ್ಲ. ಮೂರು ದಿನ ಆಗಬೇಕು ಎಂದರು. ಮೂರು ದಿನ ಕಾದರೆ ಔಷಧಿಯ ಕಾಲ ಮೀರುತ್ತದೆ ಎಂದು ವೈದ್ಯೆ ಹೇಳಿದರು. ನಾಗರಾಜನ ಮೂರು ದಿನ, ವೈದ್ಯಶಾಸ್ತ್ರದ ಮೂರು ದಿನ, ಎರಡೂ ಒಂದೇ ಹೊತ್ತಿಗೆ ಮುಗಿಯುವಂತೆ ಯಾರು ಹೊಂದಿಸಿದರೋ ಕಾಣೆ. ಕೊನೆಗೆ ನರ್ಸ್ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಒರೆಸಿದಳು. ಓರಗಿತ್ತಿ ಅಷ್ಟು ಹೊತ್ತೂ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದರು. ಮಣ್ಣು ಹೋಯಿತು, ಗುಳ್ಳೆ ಕಂಡವು. ಮೂಗಿನ ತುದಿಯಲ್ಲೊಂದು ಗುಳ್ಳೆ ಇತ್ತು. ಅದನ್ನು ನೋಡಿದೊಡನೆ ವೈದ್ಯೆಯ ಮುಖ ಬಿಗಿಯಿತು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು, ಇಲ್ಲಿ ಗುಳ್ಳೆ ಬಂದರೆ ಕಣ್ಣಿನೊಳಗೂ ಬರಬಹುದು ಎಂದರು. ಇನ್ನೊಂದು ಕಣ್ಣು ಹೇಗಿದೆ ಎಂದು ಕೇಳಿದರು. ನಾನು ಹೇಳಿದೆ. ಅವರು ಆಗಲೇ ಕಣ್ಣಿನ ಡಾಕ್ಟರಿಗೆ ಫೋನು ಮಾಡಿದರು.

ವೈದ್ಯೆ ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇದರಲ್ಲಿ ಹಾವೂ ಇಲ್ಲ, ಶಾಪವೂ ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆದಾಗ ಮೈಗೆ ಬಂದ ವೈರಸ್ಸು ಹೊರಟುಹೋಗಿರುವುದಿಲ್ಲ. ಯಾವುದೋ ನರದ ಬುಡದಲ್ಲಿ ಬಾಡಿಗೆ ಕೊಡದೆ ಮಲಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದು ನರ, ಒಂದು ಪಕ್ಕ. ಮುಖದ ನಡುಗೆರೆಯನ್ನು ಅದು ದಾಟುವುದಿಲ್ಲ. ನನ್ನ ಹಾಸ್ಟೆಲಿನ ಹುಡುಗಿಯರು ಕೂಡ ಅಷ್ಟು ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದಿಲ್ಲ. ತಲೆ ಬಾಲ ಸೇರದಂತೆ ತಡೆದೆವೆಂದು ಹೇಳಿಕೊಳ್ಳುವವರೆಲ್ಲ ತಾನಾಗಿ ಸೇರದ್ದನ್ನೇ ತಡೆದವರು.

ಮಾತ್ರೆಯ ಹೆಸರು ಅಸೈಕ್ಲೋವಿರ್. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ಸಂತಾನ ನಿಲ್ಲಿಸುತ್ತದೆ. ವೈರಸ್ಸು ತನ್ನ ನಕಲು ಮಾಡಿಕೊಳ್ಳಲು ಮಣಿ ಪೋಣಿಸಿದಂತೆ ಸರ ಪೋಣಿಸುತ್ತಿರುತ್ತದೆಯಂತೆ. ಈ ಔಷಧಿ ಥೇಟು ಮಣಿಯಂತೆಯೇ ಕಾಣುತ್ತದೆ, ಆದರೆ ಮುಂದಿನ ಮಣಿ ಪೋಣಿಸಲು ಅದರಲ್ಲಿ ತೂತಿಲ್ಲ. ಸರ ಅಲ್ಲಿಗೇ ನಿಂತಿತು. ಇನ್ನೊಂದು ಸ್ವಾರಸ್ಯವೆಂದರೆ, ಈ ಮಾತ್ರೆ ಕೆಲಸ ಶುರು ಮಾಡಬೇಕಾದರೆ ವೈರಸ್ಸಿನದೇ ಒಂದು ಕಿಣ್ವ ಅದನ್ನು ಎಬ್ಬಿಸಬೇಕು. ಸೋಂಕಿಲ್ಲದ ಕಡೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಳ್ಳನ ಕೈಯಲ್ಲೇ ಬೀಗ ಹಾಕಿಸುವ ಉಪಾಯ. ಆದರೆ ಕಳ್ಳತನ ನಡೆಯುತ್ತಿರುವಾಗಲೇ ಬೀಗ ಬೀಳಬೇಕು, ಎಲ್ಲ ದೋಚಿಕೊಂಡು ಹೋದ ಮೇಲಲ್ಲ. ಅದಕ್ಕೇ ಆ ಅವಸರ.

ಅಡ್ಡಪರಿಣಾಮಗಳನ್ನೂ ಹೇಳಿದರು: ವಾಕರಿಕೆ, ತಲೆನೋವು, ಕೆಲವರಿಗೆ ಭೇದಿ. ಎಚ್ಚರ ವಹಿಸಬೇಕಾದದ್ದು ಕಿಡ್ನಿಯ ವಿಷಯದಲ್ಲಿ. ಔಷಧಿ ಹೊರಗೆ ಹೋಗುವುದು ಮೂತ್ರದಲ್ಲಿ. ನೀರು ಸಾಲದಿದ್ದರೆ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳುಗಟ್ಟಿ ನಿಲ್ಲಬಹುದು, ಮೈಯಲ್ಲೇ ಉಳಿದು ವಯಸ್ಸಾದವರ ತಲೆ ಕೆಡಿಸಬಹುದು. ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ವಯಸ್ಸಿಗೆ ತಕ್ಕಂತಿದೆ ಎಂದು ನೋಡಿಕೊಂಡೇ ಮಾತ್ರೆ ಬರೆದರು. ದಿನಕ್ಕೆ ಐದು ಸಲ. ಚೆನ್ನಾಗಿ ನೀರು ಕುಡಿಸಿ ಎಂದು ನನಗೆ ಎರಡು ಸಲ ಹೇಳಿದರು. ಕಣ್ಣಿನ ಡಾಕ್ಟರು ನೋಡಿ ಮುಲಾಮು ಕೊಟ್ಟರು. ಕರಿಗುಡ್ಡೆಯ ಮೇಲೆ ಸಣ್ಣ ಗೀರು ಕಾಣುತ್ತಿದೆ, ಮಾತ್ರೆ ತಪ್ಪಿಸಿದರೆ ನಾನು ಹೊಣೆಯಲ್ಲ ಎಂದರು.

ಬರುವಾಗ ಓರಗಿತ್ತಿ ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನು ನನ್ನಿಂದ ಓದಿಸಿದರು. ಚೀಟಿ ಮುಗಿಯುವಷ್ಟರಲ್ಲಿ ನಮ್ಮ ಬೀದಿ ಬಂದಿತ್ತು. "ಇಷ್ಟೆಲ್ಲ ಆಗೋದಾದ್ರೆ ಕಾಯಿಲೆನೇ ವಾಸಿ ಕಣೇ," ಎಂದರು.

ಮನೆಗೆ ಬಂದ ಮೇಲೆ ಎದುರು ಮನೆಯಾಕೆಗೂ ಮಾತ್ರೆಯ ಮೇಲೆ ಆಸೆ ಹುಟ್ಟಿತು. ವೈರಸ್ಸಿನ ಮಾತ್ರೆ ಎಂದರೆ ವೈರಸ್ಸಿನ ನೆಗಡಿಗೂ ಆಗಬೇಕಲ್ಲ, ಮಗಳಿಗೆ ಮೂಗು ಸೋರುತ್ತಿದೆ, ಎರಡು ಕೊಡಿ ಎಂದು ಕೇಳಿದರು. ಪ್ರತಿ ವೈರಸ್ಸಿಗೂ ಅದರದೇ ಬೀಗ, ಫ್ಲೂಗೆ ಬೇರೆ ಮಾತ್ರೆ, ಲಿವರಿನ ವೈರಸ್ಸಿಗೆ ಬೇರೆ, ಸಾದಾ ನೆಗಡಿಗೆ ಯಾವುದೂ ಇಲ್ಲ ಎಂದು ವೈದ್ಯೆ ಹೇಳಿದ್ದನ್ನು ಹೇಳಿದೆ. ಆಕೆ ನಂಬಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ತಂದರು. ಅದು ವೈರಸ್ಸಿನ ಕೂದಲನ್ನೂ ಕೊಂಕಿಸುವುದಿಲ್ಲ. ನೆಗಡಿ ತನ್ನ ಪಾಡಿಗೆ ತಾನು ವಾಸಿಯಾಯಿತು, ಹೆಸರು ಮಾತ್ರೆಗೆ ಬಂತು.

ನನ್ನ ಕೆಲಸ ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಹುಡುಗಿಯರು ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಹೂಕುಂಡಕ್ಕೆ ಉಗುಳುತ್ತಿದ್ದರು. ಅದಕ್ಕೊಂದು ವಿಧಿ ಮಾಡಿದ್ದೆ: ನುಂಗು, ಬಾಯಿ ತೆರೆ, ನಾಲಿಗೆ ಎತ್ತು. ಅದನ್ನೇ ಓರಗಿತ್ತಿಗೂ ಅನ್ವಯಿಸಿದೆ. ಅಲಾರಾಂ ಹೊಡೆದ ಕೂಡಲೇ ಮೆಟ್ಟಿಲು ಹತ್ತುವುದು, ಮಾತ್ರೆ ಕೊಡುವುದು, ನಾಲಿಗೆಯ ಕೆಳಗೆ ನೋಡುವುದು.

"ನಿನ್ನ ಗಂಡ ಬೇಗ ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದರು ಓರಗಿತ್ತಿ, ನಾಲಿಗೆ ಇಳಿಸಿ.

ಮಾತ್ರೆಗೆ ಒಂದು ಗುಟುಕು ನೀರು ಕುಡಿಯುತ್ತಿದ್ದರು. ಉಳಿದದ್ದಕ್ಕೆ ದೊಡ್ಡ ಜಗ್ಗಿನಲ್ಲಿ ನೀರು ತುಂಬಿ ಮಂಚದ ಪಕ್ಕ ಇಡುತ್ತಿದ್ದೆ. ಮುಂದಿನ ಅಲಾರಾಂ ಹೊತ್ತಿಗೆ ಜಗ್ಗು ಖಾಲಿ. ಈ ವಯಸ್ಸಿನಲ್ಲಿ ಇಷ್ಟು ವಿಧೇಯತೆ ಕಂಡು ನನಗೆ ಹೆಮ್ಮೆಯೂ ಆಯಿತು. ಅದೇ ದಿನಗಳಲ್ಲಿ ನನ್ನ ಅಡುಗೆಮನೆಯ ಕಿಟಕಿಯ ಮೇಲೆ ಮಹಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರ್ಪೊರೇಷನ್ ನಲ್ಲಿಯಲ್ಲಿ ಬಾರದ ನೀರು ಪೈಪಿನ ಸಂದಿಯಲ್ಲಿ ಬರುತ್ತಿದೆಯೆಂದು ಪ್ಲಂಬರನಿಗೆ ಹೇಳಿ ಕಳಿಸಿದೆ. ಅವನು ಬೆಂಗಳೂರಿನ ಪ್ಲಂಬರು, ಬರುತ್ತೇನೆಂದ, ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಕೊಟ್ಟೆ. ಓರಗಿತ್ತಿ ಕುಡಿದು, ಲೋಟ ಕೆಳಗಿಟ್ಟು, ಕಾಫಿ ಬಹಳ ಚೆನ್ನಾಗಿದೆ ಎಂದರು. ನನಗೆ ಗಾಬರಿಯಾಯಿತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನ ಕಾಫಿಯನ್ನು ಅವರು ಒಮ್ಮೆಯೂ ಹೊಗಳಿದವರಲ್ಲ. ಮುಖ ನೋಡಿದೆ. ನೋಟ ನನ್ನ ಹೆಗಲಿನಾಚೆ ಎಲ್ಲೋ ಇತ್ತು.

"ಮಾವನವ್ರು ಸ್ಟೂಲ್ ಮೇಲೆ ಕೂತಿದಾರೆ. ಅವ್ರಿಗೂ ಒಂದು ಲೋಟ ಕೊಡು, ಪಾಪ," ಎಂದರು.

ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸ್ಟೂಲಿನ ಮೇಲೆ ಇದ್ದದ್ದು ಮಡಿಸಿದ ಟವೆಲ್ಲು. ಕೈ ಸಣ್ಣಗೆ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಎದುರು ಮನೆಯಾಕೆಯನ್ನು ಕೂಗಿದೆ. ಆಕೆ ಬಂದು ನೋಡಿ ಎದೆಗೆ ಕೈಯಿಟ್ಟುಕೊಂಡರು. ಹಾವು ತಲೆಗೇರಿದೆ, ಮಣ್ಣು ತೊಳೆದದ್ದೇ ತಪ್ಪಾಯಿತು, ಈಗಿಂದೀಗಲೇ ಮಾಕಳಿಗೆ ಹೋಗಬೇಕು ಎಂದು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

ನೀರು ಕುಡಿಸೋಣವೆಂದು ಜಗ್ಗು ಎತ್ತಿದೆ. ಖಾಲಿ. ಅದೇ ಹೊತ್ತಿಗೆ ಕೆಳಗಿನ ಕಿಟಕಿಯ ತಗಡಿನ ಮೇಲೆ ಟಪ್ ಟಪ್ ಎಂದು ಕೇಳಿಸಿತು. ಬಾಲ್ಕನಿಗೆ ಹೋಗಿ ನೋಡಿದೆ. ಕರಿಬೇವಿನ ಕುಂಡ ತುಂಬಿ ತುಳುಕುತ್ತಿತ್ತು. ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗಿದ್ದ ಗಿಡ ಗದ್ದೆಯ ಪೈರಿನಂತೆ ಕೆಸರಿನಲ್ಲಿ ನಿಂತಿತ್ತು. ನಾನು ನಾಲಿಗೆಯ ಕೆಳಗೆ ಹುಡುಕುತ್ತಿದ್ದೆ, ಓರಗಿತ್ತಿ ಜಗ್ಗನ್ನು ಕುಂಡಕ್ಕೆ ಕುಡಿಸುತ್ತಿದ್ದರು.

"ನೀರು ಕುಡೀಬೇಡ ಅಂತ ಯಾರು ಹೇಳಿದ್ದು?" ಎಂದು ಎದುರು ಮನೆಯಾಕೆಯನ್ನು ಕೇಳಿದೆ. ವಾರ್ಡನ್ ದನಿ ಇನ್ನೂ ನನ್ನ ಹತ್ತಿರ ಇದೆ.

"ಅವ್ರ ಹೇಳ್ಯಾರಲ್ರಿ, ಮಾಕಳಿ ಅಜ್ಜಾರು," ಎಂದರು ಆಕೆ, ಮೆಲ್ಲಗೆ. "ನೀರುಗುಳ್ಳಿ ಅದಾವು, ನೀರ ಕುಡದ್ರ ಮತ್ತಷ್ಟು ತುಂಬತಾವು ಅಂದ್ರು. ಬಾಯಿ ತೊಯ್ಯೂವಷ್ಟ ಸಾಕಂತ. ನಿಮಗ ಹೇಳಬ್ಯಾಡ ಅಂದ್ರು ಬಾಯಾರು."

ಬಾಯಾರು ಎಂದರೆ ಆಕೆಯ ಮಾತಿನಲ್ಲಿ ನನ್ನ ಓರಗಿತ್ತಿ. ಅದೇ ಆ ಹೇಳದೆ ಉಳಿದ ಕಟ್ಟಳೆ. ತರ್ಕದಲ್ಲಿ ದೋಷವಿಲ್ಲ: ಗುಳ್ಳೆಯಲ್ಲಿರುವುದು ನೀರು, ಬಾಯಲ್ಲಿ ಹೋಗುವುದೂ ನೀರು, ಆದ್ದರಿಂದ ನಲ್ಲಿ ಮುಚ್ಚು. ಹೀಗೆ ಯೋಚಿಸಿದರೆ ಬೊಕ್ಕತಲೆಗೆ ಶ್ಯಾವಿಗೆ ತಿನ್ನಬೇಕಾಗುತ್ತದೆ.

ಹೊರಗೆ ಆಟೋ ಬಂದು ನಿಂತಿತು. ಎದುರು ಮನೆಯಾಕೆ ಕರೆಸಿದ್ದು. ಮಾಕಳಿ ಎಂದು ಹೇಳಿಯೂ ಆಗಿತ್ತು. ಅದೇ ಆಟೋದಲ್ಲಿ ಓರಗಿತ್ತಿಯನ್ನು ಕೂರಿಸಿ, ಆಕೆಯನ್ನೂ ಪಕ್ಕದಲ್ಲಿ ಹಿಡಿದುಕೊಳ್ಳಲು ಕೂರಿಸಿ, ಹೆಬ್ಬಾಳದ ಕಡೆ ತಿರುಗಿಸಿದೆ. ದಾರಿಯುದ್ದಕ್ಕೂ ಓರಗಿತ್ತಿ ಮಾವನವರಿಗೆ ಜಾಗ ಬಿಡಿ ಎನ್ನುತ್ತಿದ್ದರು. ಎದುರು ಮನೆಯಾಕೆ ಹೆದರಿ ನಿಜವಾಗಿಯೂ ಸರಿದು ಕೂತಿದ್ದರು.

ವೈದ್ಯೆ ಕರಿಬೇವಿನ ಕುಂಡದ ಕಥೆಯನ್ನು ಪೂರ್ತಿ ಕೇಳಿದರು, ನಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋಸದೆ ಬಿಟ್ಟ ಕಲ್ಮಶದ ಅಂಶ ಏರಿತ್ತು. ಔಷಧಿ ಹೊರಹೋಗಲು ದಾರಿಯಿಲ್ಲದೆ ಮೈಯಲ್ಲಿ ಗುಡ್ಡೆ ಬಿದ್ದು ತಲೆಗೆ ಹತ್ತಿದೆ ಎಂದರು. ಸದ್ಯಕ್ಕೆ ಮಾತ್ರೆ ನಿಲ್ಲಿಸಬೇಕು. ನಿಲ್ಲಿಸಿದರೆ ಕಣ್ಣು ಎಂದೆ. ಮುಂದುವರಿಸಿದರೆ ಕಿಡ್ನಿ, ಮನಸ್ಸು ಎಂದರು. ಸರ್ಪದ ಕಥೆಯಲ್ಲಿ ಇಂಥ ಕಷ್ಟ ಇರುವುದಿಲ್ಲ. ಅಲ್ಲಿ ಎಲ್ಲಕ್ಕೂ ಉತ್ತರ ಮೊದಲೇ ಇರುತ್ತದೆ.

ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದರು. ಮೂತ್ರ ಸರಾಗವಾಗಿ, ರಕ್ತದ ಕಲ್ಮಶ ಇಳಿದ ಮೇಲೆ ಪ್ರಮಾಣ ತಗ್ಗಿಸಿ ಮತ್ತೆ ಶುರು ಮಾಡೋಣ, ಅಲ್ಲಿಯವರೆಗೆ ಕಣ್ಣಿನ ಡಾಕ್ಟರು ದಿನವೂ ನೋಡಲಿ ಎಂದು ತೀರ್ಮಾನವಾಯಿತು. ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರ ಎಡಗಣ್ಣು ಊದಿಕೊಂಡು ಮುಚ್ಚಿತ್ತು. ಬಲಗಣ್ಣು ತೆರೆದಿತ್ತು, ಯಾವುದನ್ನೂ ನೋಡುತ್ತಿರಲಿಲ್ಲ. ಬಾಲ್ಕನಿಯ ಬೆತ್ತದ ಕುರ್ಚಿ ನೆನಪಾಯಿತು. ಅದರಲ್ಲಿ ಕೂತು ಏನೂ ಕಾಣದೆ ಬೀದಿಯ ಸದ್ದು ಕೇಳುವ ಓರಗಿತ್ತಿಯನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಆ ಹೊತ್ತು ಎದುರು ಮನೆಯಾಕೆ ಬಂದು ನಾಗಪ್ಪನಿಗೆ ಹರಕೆ ಹೊತ್ತಿದ್ದೇನೆ ಎಂದಾಗ ನಾನು ಬೇಡವೆನ್ನಲಿಲ್ಲ. ಹರಕೆಯಿಂದ ಕಿಡ್ನಿಗೇನೂ ಆಗುವುದಿಲ್ಲ, ನೀರು ಕುಡಿಯಬೇಡ ಎನ್ನದಿದ್ದರೆ ಸಾಕು.

ಮಾರನೆಯ ದಿನ ಮಧ್ಯಾಹ್ನ ಓರಗಿತ್ತಿ ಎಡಗಣ್ಣು ಅರ್ಧ ತೆರೆದು ಡ್ರಿಪ್ಪಿನ ಬಾಟಲಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾಯಲ್ಲಿ ಕುಡಿಯಲ್ಲ ಅಂದ್ರೆ ಕೈಯಲ್ಲಿ ಕುಡಿಸ್ತೀಯೇನೇ?"

"ನಿಮ್ಮ ಕೈಗೆ ಮಾಕಳಿಯವರು ಏನೂ ಹೇಳಿಲ್ವಲ್ಲ ಅಕ್ಕಾ," ಎಂದೆ.

ನಿನ್ನೆ ನನ್ನ ಕಾಫಿ ಚೆನ್ನಾಗಿದೆ ಎಂದಿರಿ ಎಂದು ನೆನಪಿಸಿದೆ. ಅಷ್ಟು ತಲೆ ಕೆಟ್ಟಿತ್ತಾ ಎಂದು ಕೇಳಿದರು. ಅವರಿಗೆ ವಾಸಿಯಾಗಿದೆ ಎಂದು ನನಗೆ ಖಾತ್ರಿಯಾಯಿತು.

ತಗ್ಗಿಸಿದ ಪ್ರಮಾಣದಲ್ಲಿ ಮಾತ್ರೆ ಮತ್ತೆ ಶುರುವಾಯಿತು. ಈ ಸಲ ನಾನು ನಾಲಿಗೆ ನೋಡಲಿಲ್ಲ. ಎದುರಿಗೆ ಕೂತು ಲೋಟ ಖಾಲಿಯಾಗುವವರೆಗೆ ಗಂಟಲು ನೋಡಿದೆ. ಗುಳ್ಳೆ ಒಣಗಿದವು, ಊತ ಇಳಿಯಿತು. ಕಣ್ಣಿನ ಗೀರಿನ ವಿಷಯ ಮಾತ್ರ ಡಾಕ್ಟರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮುಂದಿನ ತಪಾಸಣೆಗೆ ಮೊದಲು ಓರಗಿತ್ತಿ ಹಟ ಹಿಡಿದರು: ಮಾಕಳಿಗೆ ಹೋಗಿ ತೆಂಗಿನಕಾಯಿ ಕೊಡದೆ ಕಣ್ಣು ತೋರಿಸುವುದಿಲ್ಲ. ವಾದ ಮಾಡಿದರೆ ತಪಾಸಣೆ ತಪ್ಪುತ್ತದೆ. ನಾನೇ ಕರೆದುಕೊಂಡು ಹೋದೆ.

ಮುದುಕ ಹುಣಸೆಮರದ ಕೆಳಗೆ ಕೂತಿದ್ದ. ಕಾಯಿ ತೆಗೆದುಕೊಂಡು, ತಲೆ ಬಾಲ ಸೇರಲಿಲ್ಲ ನೋಡಿ ಎಂದ. ಮಾತ್ರೆಯನ್ನೂ ನುಂಗಿದೆವು ಎಂದೆ. ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. ಅದು ಒಳಗಿಂದ, ತನ್ನದು ಮೇಲಿಂದ ಎಂದು ಪಾಲು ಹಂಚಿದ. ನಿಮ್ಮ ಮನೆಯವರಿಗೇ ಸರ್ಪಸುತ್ತು ಆದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ನಮ್ಮೋರಿಗೆ ನಾವೇ ಬಳುದ್ರೆ ನಾಟಾಕಿಲ್ಲ ಕಣವ್ವಾ," ಎಂದ. "ಅದ್ಕೇ ಆಸ್ಪತ್ರೆಗೆ ಓಗ್ತೀವಿ. ಓದ್ ವರ್ಸ ನಮ್ಮವ್ಳಿಗೆ ಇಂಗೇ ಆಗಿತ್ತು. ಅದೇ ಬಿಳೀ ಮಾತ್ರೆ, ದಿನಕ್ಕೆ ಐದು."

ನೀರು ಕುಡಿದರೇ ಎಂದೆ. ಬಿಂದಿಗೆಗಟ್ಟಲೆ ಎಂದ.

ಬರುವಾಗ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಓರಗಿತ್ತಿ ಚೀಲದಿಂದ ನೀರಿನ ಬಾಟಲಿ ತೆಗೆದು ಅರ್ಧ ಮುಗಿಸಿದರು. ನಾನು ಮುಚ್ಚಳ ಹಾಕಿ ಚೀಲದಲ್ಲಿಟ್ಟೆ.

ಕಣ್ಣಿನ ಡಾಕ್ಟರು ಗೀರು ಮಾಯುತ್ತಿದೆ, ಕಲೆ ಅಂಚಿನಲ್ಲಿದೆ, ನೋಟದ ದಾರಿಗೆ ಅಡ್ಡ ಬಂದಿಲ್ಲ ಎಂದರು. ಹಣೆಯ ನೋವು ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಬೇರೆ ಮಾತ್ರೆ. ನೋವು ಇಂದಿಗೂ ಇದೆ. ಬಾಚಣಿಗೆ ತಾಗಿದರೆ ಮುಖ ಕಿವುಚುತ್ತಾರೆ. ಈ ಕಾಯಿಲೆಗೆ ಲಸಿಕೆಯೂ ಇದೆಯೆಂದು ಹೇಳಿ ವೈದ್ಯೆ ನನಗೆ ಹಾಕಿದರು. ತೋಳು ಎರಡು ದಿನ ನೋಯಿತು. ಬೀದಿಯವರೆಲ್ಲ ಬಂದು, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ವಿಚಾರಿಸಿಕೊಂಡು ಹೋದರು.

ಆದರೂ ತಪಾಸಣೆಯ ದಿನ ಕಣ್ಣಿನ ಡಾಕ್ಟರ ಮಾತಿನಿಂದ ನನಗೆ ಪೂರ್ತಿ ಸಮಾಧಾನವಾಗಿರಲಿಲ್ಲ. ಅವರ ಗೋಡೆಯ ಮೇಲಿನ ಅಕ್ಷರಗಳನ್ನು ಓರಗಿತ್ತಿ ಪಕ್ಕದ ರೋಗಿ ಓದಿದ್ದನ್ನು ಕೇಳಿಸಿಕೊಂಡು ಹೇಳಿದ್ದರೂ ಹೇಳಿರಬಹುದು. ಮನೆಗೆ ಬಂದು ಕಾಫಿ ತೆಗೆದುಕೊಂಡು ಮೇಲೆ ಹೋದೆ. ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕರಿಬೇವು ಗೇಣುದ್ದ ಚಿಗುರಿತ್ತು. ಎದುರು ಮನೆಯ ತಾರಸಿಯ ಮೇಲೆ ಸಂಡಿಗೆ ಒಣಗುತ್ತಿತ್ತು. ನನ್ನ ಕನ್ನಡಕದೊಳಗಿನಿಂದ ನನಗೆ ಕಂಡದ್ದು ಅಷ್ಟೇ, ಬಿಳಿ ಬಿಳಿ ಚುಕ್ಕೆ.

ಓರಗಿತ್ತಿ ಕಾಫಿ ಗುಟುಕರಿಸಿ, ಡಿಕಾಕ್ಷನ್ ನೀರಾಗಿದೆ ಎಂದರು. ಆಮೇಲೆ ಎಡಗಣ್ಣು ಕಿರಿದು ಮಾಡಿ ತಾರಸಿಯನ್ನು ದಿಟ್ಟಿಸಿದರು.

"ಸಂಡಿಗೆ ಕೆಳಗಿರೋ ಚಾಪೆ ನಮ್ದು ಕಣೇ. ಮೂಲೇಲಿ ಹಸಿರು ದಾರದಲ್ಲಿ ನಾನೇ ಹೊಲಿಗೆ ಹಾಕಿದ್ದೆ, ನೋಡು."

ಕಾಫಿ ಅಲ್ಲಿಯೇ ಬಿಟ್ಟು ಕೆಳಗಿಳಿದು, ಬೀದಿ ದಾಟಿ, ಎದುರು ಮನೆಯ ತಾರಸಿ ಹತ್ತಿದೆ. ಎದುರು ಮನೆಯಾಕೆ ಸಂಡಿಗೆ ಮಗುಚುತ್ತಿದ್ದರು. ನಾನು ಮಾತಿಲ್ಲದೆ ಬಗ್ಗಿ ಚಾಪೆಯ ಮೂಲೆ ಎತ್ತಿದೆ. ಹಸಿರು ದಾರ ಇತ್ತು.

"ನಿಮ್ಮದ ಐತ್ರಿ, ಹೋದ ವರ್ಷ ಒಯ್ದಿದ್ದೆ," ಎಂದರು ಆಕೆ. "ಅಲ್ಲಿಂದ ಕಂಡತೇನ್ರಿ ಬಾಯಾರಿಗೆ?"

ಕಂಡಿತು ಎಂದೆ. ಆಕೆ ಎರಡೂ ಕೈ ಎತ್ತಿ ನಾಗಪ್ಪನಿಗೆ ಮುಗಿದರು. ನಾನು ಚಾಪೆಯ ಮೂಲೆ ಬಿಟ್ಟು, ಸಂಡಿಗೆ ಒಣಗಿದ ಮೇಲೆ ಕಳಿಸಿಕೊಡಿ ಎಂದು ಹೇಳಿ ಬಂದೆ.